ಮುತ್ಯಾನ ಹುಟ್ಟು ಯಾವ ಊರ ವಹಿಯಲ್ಲಿದೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮನೆತನದ ಇತಿಹಾಸ ಬರೆಯಲು ಹೊರಟವರ ಪತ್ರಗಳು ಈ ಸಲ ಒಂದು ಕಂತೆಯಷ್ಟಿವೆ. ಹೆಚ್ಚಿನವು ಕಲಬುರಗಿ, ಬೀದರ, ಯಾದಗಿರಿ ಕಡೆಯವು. ಕೇಳಿರುವುದೂ ಹೆಚ್ಚುಕಡಿಮೆ ಒಂದೇ: ಜನನದ, ಮದುವೆಯ ಸರ್ಕಾರಿ ಕಾಗದ ಎಲ್ಲಿ ಸಿಗುತ್ತದೆ, ಸಿಕ್ಕಿದ್ದನ್ನು ಎಷ್ಟು ನಂಬಬೇಕು? ಒಂದೇ ತರದ ಪತ್ರಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ನಮ್ಮ ಅಪ್ಪ 1973ರಾಗ ಹುಟ್ಟಿದವರು. ನಮ್ಮೂರು ಜೇವರ್ಗಿ ತಾಲ್ಲೂಕಿನಾಗ ಅದ. ಜನನ ಪ್ರಮಾಣಪತ್ರಕ್ಕ ಅರ್ಜಿ ಕೊಟ್ರ ‘ದಾಖಲೆ ಲಭ್ಯವಿಲ್ಲ’ ಅಂತ ಬರೆದು ಕೊಟ್ಟಾರ. ಹಂಗಾದ್ರ ಅಪ್ಪನ ಹುಟ್ಟು ಬರಸೇ ಇಲ್ಲೇನು?
— ಒಬ್ಬ ಓದುಗರು, ಜೇವರ್ಗಿ

ಬರೆಸಿಲ್ಲ ಅಂತ ಈಗಲೇ ತೀರ್ಮಾನಿಸಬೇಡಿ. ಮೊದಲು ಮನೆಯ ಹಿರಿಯರನ್ನು ಕೇಳಿ: ಅಜ್ಜಿಯ ತವರು ಯಾವುದು? ನಿಮ್ಮ ಅಪ್ಪ ಎಷ್ಟನೇ ಮಗ?

ಜನನ ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ. ತಂದೆಯ ಊರಿಗೂ ಅದಕ್ಕೂ ಸಂಬಂಧವಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ನಮ್ಮ ರಾಜ್ಯದಲ್ಲಿ 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂದಿನಿಂದಲೂ ಇದೇ ನಿಯಮ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲೇ. ಎರಡನೆಯದಕ್ಕೂ ಹೋಗುವವರಿದ್ದರು. ಅಜ್ಜಿ ಸಿಂದಗಿ ಕಡೆಯವರಾಗಿದ್ದರೆ ಅಪ್ಪನ ಹುಟ್ಟು ವಿಜಯಪುರ ಜಿಲ್ಲೆಯ ಪುಸ್ತಕದಲ್ಲಿರುತ್ತದೆ. ಜೇವರ್ಗಿಯಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಗುಳೆ ಹೋದ ವರ್ಷವಾದರೆ ಮುಂಬೈ, ಪುಣೆ, ಹೈದರಾಬಾದಿನ ಪಾಲಿಕೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದನ್ನು ತಿರುಗಿಸಿ ನೋಡಿದರೆ ಒಂದು ಲಾಭವೂ ಇದೆ. ಅಜ್ಜಿಯ ತವರೂರು ಯಾರಿಗೂ ನೆನಪಿಲ್ಲದ ಮನೆಗಳಲ್ಲಿ ಹಿರಿಯ ಮಗನ ಜನನ ದಾಖಲೆಯ ‘ಜನನ ಸ್ಥಳ’ ಎಂಬ ಒಂದು ಸಾಲೇ ಆ ಊರನ್ನು ಹೇಳಿಬಿಡುತ್ತದೆ. ವಂಶಾವಳಿಗಳಲ್ಲಿ ಗಂಡಸರ ಸಾಲು ಉದ್ದಕ್ಕೆ ಇಳಿದುಬರುತ್ತದೆ, ಹೆಂಗಸರ ಕಡೆ ಬರೀ ಖಾಲಿ. ಆ ಖಾಲಿ ತುಂಬಲು ಇದಕ್ಕಿಂತ ಒಳ್ಳೆಯ ಸರ್ಕಾರಿ ಕಾಗದ ಇನ್ನೊಂದಿಲ್ಲ.

ಎರಡನೆಯದು, ವರ್ಷ. 1973 ಎಂಬುದು ನಿಮಗೆ ಸಿಕ್ಕಿದ್ದು ಎಲ್ಲಿಂದ? ಶಾಲೆಯ ದಾಖಲೆಯಿಂದಾದರೆ ಹಿಂದಕ್ಕೆ ಮೂರು ವರ್ಷ, ಮುಂದಕ್ಕೆ ಎರಡು ವರ್ಷ ಸೇರಿಸಿ ಹುಡುಕಿಸಿ. ಹುಡುಕಾಟದ ಶುಲ್ಕ ವರ್ಷದ ಲೆಕ್ಕದಲ್ಲಿ ಬೀಳುತ್ತದೆ. ಅರ್ಜಿಯಲ್ಲಿ ಒಂದೇ ವರ್ಷ ಬರೆದಿದ್ದರೆ ಸಿಬ್ಬಂದಿ ಆ ಒಂದು ವರ್ಷದ ಪುಸ್ತಕ ನೋಡಿ ಮುಚ್ಚಿಡುತ್ತಾರೆ. ಅದರಲ್ಲಿ ಅವರ ತಪ್ಪೂ ಇಲ್ಲ.

ಮೂರನೆಯದು, ಹೆಸರು. ಹುಟ್ಟನ್ನು ಬರೆಸುವುದು ಕೆಲವು ದಿನಗಳೊಳಗೆ, ಹೆಸರಿಡುವುದು ತೊಟ್ಟಿಲಿನ ದಿನ. ಅದಕ್ಕೇ ಹಳೆಯ ನಮೂದುಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ಇಲ್ಲವೇ ಬರೀ ‘ಗಂಡು’ ಅಂತ ಇರುತ್ತದೆ. ಅಪ್ಪನ ಹೆಸರು ಹಿಡಿದು ಹುಡುಕಿದರೆ ಆ ಸಾಲು ಕಣ್ಣಿಗೆ ಬೀಳುವುದಿಲ್ಲ. ಅರ್ಜಿಯಲ್ಲಿ ಅಜ್ಜನ ಹೆಸರು, ಅಜ್ಜಿಯ ಹೆಸರು, ಮನೆತನದ ಹೆಸರು ಮೂರನ್ನೂ ಕೊಡಿ. ಬಿರಾದಾರ, ಮಾಲಿಪಾಟೀಲ, ತಳವಾರ, ಹೂಗಾರ, ಪತ್ತಾರ ಇಂಥ ಅಡ್ಡಹೆಸರು ಒಂದು ನಮೂದಿನಲ್ಲಿ ಇದ್ದು ಮತ್ತೊಂದರಲ್ಲಿ ಬಿಟ್ಟುಹೋಗಿರುತ್ತದೆ. ಆದ್ದರಿಂದ ‘ತಂದೆಯ ಹೆಸರು ಅಡ್ಡಹೆಸರಿನೊಂದಿಗೆ ಅಥವಾ ಅಡ್ಡಹೆಸರಿಲ್ಲದೆ’ ಎಂದೇ ಬರೆಯಿರಿ.

ಎಲ್ಲಿ ಕೇಳಬೇಕು? ಹಳ್ಳಿಗಳಲ್ಲಿ ನೋಂದಣಿ ಮಾಡುತ್ತಿದ್ದವರು ಗ್ರಾಮ ಲೆಕ್ಕಿಗರು, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿ. ಹಳೆಯ ಪುಸ್ತಕಗಳು ತಹಸೀಲ್ದಾರ್ ಕಚೇರಿಯ ದಾಖಲೆ ಕೋಣೆ ಸೇರಿರುತ್ತವೆ. ಪಟ್ಟಣಗಳಲ್ಲಿ ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಯ ಆರೋಗ್ಯ ಶಾಖೆ. ಕಂಪ್ಯೂಟರಿನ ಇ-ಜನ್ಮದಲ್ಲಿ ಇಲ್ಲ ಎಂದಷ್ಟಕ್ಕೇ ಎದ್ದು ಬರಬೇಡಿ. ‘ಕೈಬರಹದ ರಿಜಿಸ್ಟರ್ ನೋಡಿ ಹೇಳಿ’ ಎಂದು ಅರ್ಜಿಯಲ್ಲೇ ಬರೆದಿರಿ.

ನಿಮಗೆ ಕೊಟ್ಟಿರುವುದು ನಮೂನೆ 10ರ ಪತ್ರ. ಅದನ್ನು ಎಸೆಯಬೇಡಿ. ಯಾವ ಸ್ಥಳದ, ಯಾವ ವರ್ಷದ ಪುಸ್ತಕ ನೋಡಿದ್ದಾರೆ ಎಂಬುದು ಅದರಲ್ಲಿರುತ್ತದೆ. ಅಷ್ಟು ಜಾಗ ಹುಡುಕಿ ಆಯಿತು ಎಂದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದಿನ ಊರಿಗೆ ಹೋಗಿ.

ಪ್ರಮಾಣಪತ್ರ ಸಿಕ್ಕಿದೆ. ಅದರಲ್ಲಿ ಏನೇನು ನೋಡಬೇಕು?
— ಒಬ್ಬ ಓದುಗರು, ಚಿತ್ತಾಪುರ

ಎಲ್ಲರೂ ಹುಟ್ಟಿದ ದಿನಾಂಕ ನೋಡಿ ಮಡಚಿಡುತ್ತಾರೆ. ನೀವು ಅದರ ಕೆಳಗಿನ ನೋಂದಣಿ ಸಂಖ್ಯೆ, ನೋಂದಣಿ ದಿನಾಂಕ ನೋಡಿ. ಹುಟ್ಟಿದ ದಿನಕ್ಕೂ ನೋಂದಣಿಯ ದಿನಕ್ಕೂ ವಾರ, ಹದಿನೈದು ದಿನ ಅಂತರವಿದ್ದರೆ ಹೆರಿಗೆಯ ನೆನಪು ಹಸಿಯಾಗಿದ್ದಾಗ ಬರೆಸಿದ್ದು. ಅಂತರ ಇಪ್ಪತ್ತೋ ಮೂವತ್ತೋ ವರ್ಷವಾದರೆ ಅದು ಬೇರೆಯದೇ ಕಾಗದ. ಅದರ ಬಗ್ಗೆ ಮುಂದೆ ಹೇಳಿದ್ದೇವೆ. ಒಂದು ವಿಷಯ ಈಗಲೇ ನೆನಪಿಡಿ: ನಮೂದು ಇರುವುದು ನೋಂದಣಿಯಾದ ವರ್ಷದ ಪುಸ್ತಕದಲ್ಲಿ, ಹುಟ್ಟಿದ ವರ್ಷದ್ದರಲ್ಲಿ ಅಲ್ಲ.

ಪ್ರಮಾಣಪತ್ರ ಎಂದರೆ ರಿಜಿಸ್ಟರಿನಿಂದ ಆರಿಸಿ ಬರೆದ ಸಾರ. ಮಾಹಿತಿ ಕೊಟ್ಟವರು ಯಾರು ಎಂಬುದು ಅದರಲ್ಲಿ ಬರುವುದಿಲ್ಲ, ರಿಜಿಸ್ಟರಿನಲ್ಲಿ ಇರುತ್ತದೆ. ಮನೆಯಲ್ಲಾದ ಹೆರಿಗೆಗೆ ಮನೆಯ ಯಜಮಾನ, ಆಸ್ಪತ್ರೆಯ ಹೆರಿಗೆಗೆ ಅಲ್ಲಿನ ವೈದ್ಯಾಧಿಕಾರಿ ಮಾಹಿತಿ ಕೊಡಬೇಕು. ತವರಿನ ಹೆರಿಗೆಯಾದರೆ ಆ ಜಾಗದಲ್ಲಿ ತಾಯಿಯ ಅಪ್ಪನೋ ಸೋದರಮಾವನೋ ಸಹಿ ಅಥವಾ ಹೆಬ್ಬೆಟ್ಟು ಒತ್ತಿರುತ್ತಾರೆ. ಹೀಗೆ ತಾಯಿಯ ಕಡೆಯ ಒಂದು ಹೆಸರು ಸಿಕ್ಕಿತು. ಅಳಿಯನ ಮನೆತನದ ಹೆಸರನ್ನು ಅವರು ತಪ್ಪಾಗಿ ಹೇಳಿರುವುದೂ ಉಂಟು.

2000ದ ಈಚಿನ ವರದಿ ನಮೂನೆಯಲ್ಲಿ ಎರಡು ಭಾಗ: ಕಾನೂನು ಭಾಗ, ಅಂಕಿಅಂಶ ಭಾಗ. ಧರ್ಮ, ತಂದೆತಾಯಿಯ ಓದು, ಉದ್ಯೋಗ, ತಾಯಿಯ ವಯಸ್ಸು, ಇದು ಎಷ್ಟನೇ ಮಗು ಇವೆಲ್ಲ ಎರಡನೆಯದರಲ್ಲಿ. ಆ ಭಾಗವನ್ನು ಹರಿದು ಅಂಕಿಅಂಶ ಇಲಾಖೆಗೆ ಕಳಿಸುತ್ತಾರೆ, ರಿಜಿಸ್ಟರಿನಲ್ಲಿ ಉಳಿಯುವುದು ಕಾನೂನು ಭಾಗ ಮಾತ್ರ. ಆದ್ದರಿಂದ ಈಚಿನ ಪುಸ್ತಕಗಳಲ್ಲಿ ಆ ವಿವರ ಹುಡುಕಿ ಪ್ರಯೋಜನವಿಲ್ಲ.

ಅಂಚಿನ ಷರಾ ಇದ್ದರೆ ಬಿಡಬೇಡಿ. ಕಾಯ್ದೆಯ 15ನೇ ಕಲಮಿನಂತೆ ತಿದ್ದುಪಡಿಯನ್ನು ಮೂಲ ಬರಹ ಅಳಿಸದೆ ಅಂಚಿನಲ್ಲಿ ಬರೆದು ಸಹಿ ಮಾಡಬೇಕು. ಪ್ರಮಾಣಪತ್ರದಲ್ಲಿ ತಿದ್ದಿದ ಹೆಸರಷ್ಟೇ ಬರುತ್ತದೆ. ಮೊದಲು ಏನಿತ್ತು ಎಂಬುದು ಪುಸ್ತಕದಲ್ಲಿ ಹಾಗೇ ಉಳಿದಿರುತ್ತದೆ. ಇತಿಹಾಸ ಬರೆಯುವವರಿಗೆ ಬೇಕಾದದ್ದು ಆ ಮೊದಲಿನದು.

ಮುತ್ಯಾನ ಟ್ರಂಕಿನಲ್ಲಿ ಉರ್ದು ಕಾಗದವೊಂದು ಸಿಕ್ಕಿತು. ಓದಿಸಿದಾಗ ‘20 ತೀರ್ 1349 ಫಸಲಿ’ ಎಂದರು. ಪಕ್ಕದಲ್ಲಿ 1359 ಎಂದೂ ಇದೆಯಂತೆ. ಇದು ಯಾವ ಇಸವಿ? ಎರಡರಲ್ಲಿ ಯಾವುದು ಸರಿ?
— ಒಬ್ಬ ಓದುಗರು, ಭಾಲ್ಕಿ

ಎರಡೂ ಸರಿ. ಮೊದಲನೆಯದು ಫಸಲಿ, ಅಂದರೆ ಕಂದಾಯ ಲೆಕ್ಕದ ವರ್ಷ. ಎರಡನೆಯದು ಹಿಜರಿ, ಅಂದರೆ ಮುಸ್ಲಿಂ ಪಂಚಾಂಗದ ವರ್ಷ. ಎರಡೂ 1940ನ್ನೇ ಹೇಳುತ್ತವೆ.

1948ರ ಸೆಪ್ಟೆಂಬರ್‌ವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಕಚೇರಿಯ ವರ್ಷ ಫಸಲಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿನಿಂದ ಶುರು. ಆಮೇಲೆ ಕ್ರಮವಾಗಿ ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಅರ್ದಿಬೆಹಿಶ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್. ಲೆಕ್ಕ ಸುಲಭ. ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ಬೀಳುವ ದಿನಗಳಿಗೆ 590 ಕೂಡಿಸಿ, ಜನವರಿಯಿಂದ ಮುಂದಿನವಕ್ಕೆ 591. ಬಹಮನ್ ತಿಂಗಳು ಎರಡು ಇಸವಿಗಳ ನಡುವೆ ಬೀಳುತ್ತದೆ, ಅಲ್ಲಿ ಮಾತ್ರ ಎಚ್ಚರ. ತೀರ್ ಎಂಟನೆಯ ತಿಂಗಳು, ಸುಮಾರು ಮೇ. ಆದ್ದರಿಂದ 1349ಕ್ಕೆ 591 ಕೂಡಿ 1940, 20ನೇ ತೀರ್ ಎಂದರೆ ಮೇ ಕೊನೆಯ ಭಾಗ. ಹಿಜರಿ 1359 ಶುರುವಾದದ್ದು 1940ರ ಫೆಬ್ರವರಿಯಲ್ಲಿ. ಹೊಂದಿಕೆಯಾಯಿತು.

ತಪ್ಪು ಆಗುವುದು ಹೀಗೆ: 1359ನ್ನು ಫಸಲಿ ಎಂದು ಹಿಡಿದು 591 ಕೂಡಿಸಿದರೆ 1950 ಬರುತ್ತದೆ. ಅದು ಹುಟ್ಟಿನ ಕಾಗದವಾದರೆ ಮುತ್ಯಾ ಹತ್ತು ವರ್ಷ ಚಿಕ್ಕವರಾಗುತ್ತಾರೆ, ಮೊದಲ ಮಗ ಹುಟ್ಟುವಾಗ ಹತ್ತೊಂಬತ್ತಾಗಿದ್ದವರಿಗೆ ಒಂಬತ್ತೇ ವರ್ಷ! ಲೆಕ್ಕ ತಪ್ಪಿದ ವಂಶವೃಕ್ಷಗಳಲ್ಲಿ ಈ ಹತ್ತು ವರ್ಷದ ಗಂಟು ಕಂಡರೆ ಮೊದಲು ಇದನ್ನೇ ಶಂಕಿಸಿ. ಇನ್ನೊಂದು ತಪ್ಪು, ಮದ್ರಾಸ್ ಕಡೆಯ ಜುಲೈ ತಿಂಗಳ ಫಸಲಿ ಲೆಕ್ಕವನ್ನು ಇಲ್ಲಿಗೆ ತರುವುದು.

ಹೆಸರುಗಳ ವಿಷಯ ಇನ್ನೂ ನಾಜೂಕು. ಉರ್ದು ಬರಹದಲ್ಲಿ ಸಾಮಾನ್ಯವಾಗಿ ಹ್ರಸ್ವ ಸ್ವರ ಬರೆಯುವುದಿಲ್ಲ. ಚನ್ನಪ್ಪ, ಚಿನ್ನಪ್ಪ ಎರಡಕ್ಕೂ ಒಂದೇ ಅಕ್ಷರಗಳು. ಳ, ಣ ಅಕ್ಷರಗಳಿಲ್ಲದ್ದರಿಂದ ಹಳ್ಳಿ ‘ಹಲ್ಲಿ’ ಆಗುತ್ತದೆ. ಬ, ಪ, ತ, ನ ಇವುಗಳ ನಡುವೆ ವ್ಯತ್ಯಾಸ ಮಾಡುವುದು ಬರೀ ಚುಕ್ಕೆಗಳು. ಶಿಕಸ್ತಾ ಎಂಬ ಓಡು ಕೈಬರಹದಲ್ಲಿ ಅವಸರದ ಗುಮಾಸ್ತರು ಆ ಚುಕ್ಕೆಗಳನ್ನೇ ಬಿಟ್ಟಿರುತ್ತಾರೆ. ಆದ್ದರಿಂದ ಉರ್ದು ಬಂದರೆ ಸಾಲದು, ನಮ್ಮ ಕಡೆಯ ಊರು, ಮನೆತನದ ಹೆಸರು ಗೊತ್ತಿರುವವರಿಂದ ಓದಿಸಬೇಕು. ಓದುವವರ ಪಕ್ಕ ಕೂತು ಈ ಪದಗಳನ್ನು ಹುಡುಕಲು ಹೇಳಿ: ವಲ್ದ್ (ಇಂಥವರ ಮಗ), ಜೌಜಾ (ಹೆಂಡತಿ), ಸಾಕಿನ್ (ವಾಸ), ಮೌಜೆ (ಗ್ರಾಮ), ಕೌಮ್ (ಜಾತಿ), ಪೇಶಾ (ಕಸುಬು), ಉಮರ್ (ವಯಸ್ಸು). ‘ವಿರಾಸತ್’ ಎಂದು ಕಂಡರೆ ಅದು ಜನನದ ಕಾಗದವಲ್ಲ. ಹಿರಿಯರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಜಮೀನು ಮಾಡಿದ್ದು. ವಂಶ ಬರೆಯುವವರಿಗೆ ಜನನ ಪತ್ರಕ್ಕಿಂತ ಅದೇ ಹೆಚ್ಚು ಉಪಯೋಗ, ಏಕೆಂದರೆ ಮಕ್ಕಳೆಲ್ಲ ಒಂದೇ ಕಡೆ ಇರುತ್ತಾರೆ.

ಹಳ್ಳಿಯಲ್ಲಿ ಸಿಗದ ಸಂಸ್ಥಾನ ಕಾಲದ ಕಡತಗಳಿಗೆ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರ ನೋಡಬೇಕಾದ ಜಾಗ. ಒಬ್ಬ ವ್ಯಕ್ತಿಯ ಹುಟ್ಟು ಹುಡುಕಿಕೊಂಡು ಅಲ್ಲಿಗೆ ಹೋದರೆ ನಿರಾಸೆಯೇ ಹೆಚ್ಚು. ವತನ, ಇನಾಂ, ಜಾಗೀರು ಇದ್ದ ಮನೆತನವಾದರೆ ಹೋಗಿಬನ್ನಿ.

ನಮ್ಮದು ಗುರುಮಠಕಲ್ ಹತ್ತಿರದ ತಾಂಡಾ. ಹಳೆ ದಾಖಲೆಗೆ ಯಾದಗಿರಿಗೆ ಹೋಗಬೇಕಾ, ಕಲಬುರಗಿಗಾ? ಅಮ್ಮನ ಕಡೆಯವರು ಕೊಡಂಗಲ್‌ನವರು.
— ಒಬ್ಬ ಓದುಗರು, ಗುರುಮಠಕಲ್

ತಾಲ್ಲೂಕು ಹಿಡಿಯಿರಿ, ಜಿಲ್ಲೆ ಆಮೇಲೆ. ಯಾದಗಿರಿ ಜಿಲ್ಲೆ ಆದದ್ದು 2009ರ ಕೊನೆಯಲ್ಲಿ. ಅದಕ್ಕೂ ಹಿಂದಿನ ಕಾಗದಗಳಲ್ಲಿ ‘ಗುಲಬರ್ಗಾ ಜಿಲ್ಲೆ’ ಎಂದಿದ್ದರೆ ಅದು ತಪ್ಪಲ್ಲ, ತಿದ್ದಿಸಲು ಹೋಗಬೇಡಿ. ಗುರುಮಠಕಲ್ ಈಚಿನ ತಾಲ್ಲೂಕು, ಆದ್ದರಿಂದ ಹಳೆಯ ಪುಸ್ತಕಗಳನ್ನು ಮೊದಲು ಯಾದಗಿರಿ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಇದೇ ರೀತಿ ವಡಗೇರಾದವರು ಶಹಾಪುರದಲ್ಲಿ, ಹುಣಸಗಿಯವರು ಸುರಪುರದಲ್ಲಿ, ಯಡ್ರಾಮಿಯವರು ಜೇವರ್ಗಿಯಲ್ಲಿ, ಕಮಲಾಪುರದವರು ಕಲಬುರಗಿಯಲ್ಲಿ, ಚಿಟಗುಪ್ಪದವರು ಹುಮನಾಬಾದಿನಲ್ಲಿ, ಹುಲಸೂರಿನವರು ಬಸವಕಲ್ಯಾಣದಲ್ಲಿ ಕೇಳಬೇಕು.

ಕೊಡಂಗಲ್, ತಾಂಡೂರು 1956ರ ನವೆಂಬರ್ 1ರವರೆಗೆ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಬೀದರದಿಂದ ಜಹೀರಾಬಾದ್, ನಾರಾಯಣಖೇಡ ಆ ಕಡೆ ಹೋದವು, ಉದಗೀರ, ನಿಲಂಗಾ, ಅಹಮದಪುರ ಮಹಾರಾಷ್ಟ್ರದ ಕಡೆ. ಅಮ್ಮನ ಕಡೆಯ ಹುಡುಕಾಟ ಕೊಡಂಗಲ್‌ನಲ್ಲೇ ಶುರುವಾಗಲಿ.

ತಾಂಡಾದ ಹೆಸರು ಹಳೆಯ ಪುಸ್ತಕದಲ್ಲಿ ಇರುವುದು ಅಪರೂಪ. ತಾಂಡಾ ಯಾವ ಕಂದಾಯ ಗ್ರಾಮದ ಸರಹದ್ದಿನಲ್ಲಿತ್ತೋ ಆ ಗ್ರಾಮದ ಹೆಸರಲ್ಲೇ ಹುಟ್ಟು ಸಾವು ಬರೆದಿರುತ್ತಾರೆ. ತಾಂಡಾಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಟ್ಟದ್ದು 2023ರಲ್ಲಿ. ಆ ಹೊಸ ಹೆಸರು ಹಿಡಿದು 1980ರ ಪುಸ್ತಕ ಹುಡುಕಿಸಬೇಡಿ.

ಅಜ್ಜ ಅಜ್ಜಿ ಮದುವೆ 1963ರ ಸುಮಾರಿಗೆ ಆಗಿದೆ. ವಿವಾಹ ಪ್ರಮಾಣಪತ್ರ ಸಿಗುತ್ತದೆಯೆ?
— ಒಬ್ಬ ಓದುಗರು, ಕಲಬುರಗಿ

ಬಹುತೇಕ ಸಿಗುವುದಿಲ್ಲ, ಏಕೆಂದರೆ ಮಾಡಿಸಿಯೇ ಇರುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 8ನೇ ಕಲಮಿನಲ್ಲಿ ನೋಂದಣಿಗೆ ಅವಕಾಶವಿತ್ತು, ಆದರೆ ಅದು ಇಷ್ಟವಿದ್ದವರಿಗೆ. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಅದರ ಹಿಂದಿನ ಮದುವೆಗಳಿಗೆ ಸರ್ಕಾರಿ ಕಾಗದ ಇಲ್ಲದಿರುವುದೇ ಸಹಜ.

ಹಾಗಿದ್ದೂ ಕೆಲವು ಮನೆಗಳಲ್ಲಿ ಪಿಂಚಣಿಗೋ ಪಾಸ್‌ಪೋರ್ಟಿಗೋ ಎಂದು ಮದುವೆಯಾದ ಎಷ್ಟೋ ವರ್ಷದ ಮೇಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿರುತ್ತಾರೆ. ಸಿಕ್ಕರೆ ಬರೀ ಪ್ರಮಾಣಪತ್ರಕ್ಕೆ ತೃಪ್ತರಾಗದೆ ಅದರ ಹಿಂದಿನ ಅರ್ಜಿಯ ದೃಢೀಕೃತ ನಕಲು ಕೇಳಿ. ಎರಡೂ ಕಡೆಯ ತಂದೆಯರ ಹೆಸರು, ವಿಳಾಸ, ಸಾಕ್ಷಿಗಳ ಹೆಸರು ಅದರಲ್ಲಿರುತ್ತವೆ, ಸಾಕ್ಷಿಗಳು ಸಾಮಾನ್ಯವಾಗಿ ಹತ್ತಿರದ ನೆಂಟರೇ. ಆದರೆ ಅದರಲ್ಲಿನ ವಯಸ್ಸನ್ನು ಎರಡು ಸಲ ಯೋಚಿಸಿ ನಂಬಿ. ಹೆಣ್ಣಿಗೆ 18, ಗಂಡಿಗೆ 21 ಎಂಬ ಮಿತಿ ಬಂದದ್ದು 1978ರಲ್ಲಿ, ಅದಕ್ಕೂ ಮುಂಚೆ ಹಿಂದೂ ವಿವಾಹ ಕಾಯ್ದೆಯಲ್ಲಿ 15 ಮತ್ತು 18 ಇತ್ತು. ತಡವಾಗಿ ಮಾಡಿಸಿದ ಅರ್ಜಿಗಳಲ್ಲಿ ಕಚೇರಿಯವರು ತಕರಾರು ತೆಗೆಯದಿರಲಿ ಎಂದು ಅಜ್ಜಿಗೆ ಎರಡು ಮೂರು ವರ್ಷ ಏರಿಸಿರುವುದು ಸಾಮಾನ್ಯ.

ಸರ್ಕಾರಿ ಕಾಗದ ಇಲ್ಲದಿದ್ದರೆ ಲಗ್ನಪತ್ರಿಕೆ ಹುಡುಕಿ. ಅದರಲ್ಲಿ ಇಸವಿ ಹರಿದುಹೋಗಿದ್ದರೂ ಸಂವತ್ಸರ ಉಳಿದಿದ್ದರೆ ಸಾಕು. ‘ಕ್ರೋಧಿ ನಾಮ ಸಂವತ್ಸರ, ವೈಶಾಖ’ ಎಂದಿದ್ದರೆ ಅದು 1964ರ ಮೇ–ಜೂನ್, ನಿಮ್ಮ ಮನೆಯವರು ಹೇಳುವ 63 ಅಲ್ಲ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, ಹಾಗಾಗಿ ಒಂದು ತಲೆಮಾರಿನ ಒಳಗೆ ಗೊಂದಲವಾಗುವ ಭಯವಿಲ್ಲ. ಆಯೇರಿ ಬರೆದಿಟ್ಟ ವಹಿ ಇದ್ದರೆ ಅದು ಲಗ್ನಪತ್ರಿಕೆಗಿಂತ ದೊಡ್ಡ ಆಸ್ತಿ: ಯಾವ ಊರಿನಿಂದ ಯಾರು ಬಂದರು, ಎಷ್ಟು ಬರೆಸಿದರು, ಸೋದರಮಾವ ಯಾರು ಎಲ್ಲ ಅದರಲ್ಲಿರುತ್ತದೆ.

ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಮನೆಗಳೂ ನಮ್ಮ ಭಾಗದಲ್ಲಿವೆ. ಜನನದ ಪುಸ್ತಕದ ‘ಅಂಬವ್ವ’ ಪಡಿತರ ಚೀಟಿಯಲ್ಲಿ ‘ಸುಮಿತ್ರಾಬಾಯಿ’ ಆಗಿರಬಹುದು. ಒಬ್ಬರೋ ಇಬ್ಬರೋ ಎಂದು ತೀರ್ಮಾನಿಸುವ ಮುನ್ನ ತಂದೆಯ ಹೆಸರು, ತವರೂರು ಎರಡೂ ಕೂಡುತ್ತವೆಯೆ ನೋಡಿ.

ಇದೇ ಪ್ರಶ್ನೆ ಕೇಳಿರುವ ಹುಮನಾಬಾದಿನ ಓದುಗರಿಗೆ: ನಿಕಾಹನಾಮೆಯಲ್ಲಿ ವಧೂವರರ ತಂದೆಯರು, ವಕೀಲ (ವಧುವಿನ ಪರವಾಗಿ ಒಪ್ಪಿಗೆ ತಿಳಿಸುವವರು), ಸಾಕ್ಷಿಗಳು, ಮೆಹರ್ (ವರ ವಧುವಿಗೆ ಕೊಡುವ ಹಣ) ಮೊತ್ತ ಇರುತ್ತವೆ. ಮನೆಯ ಪ್ರತಿ ಕಳೆದಿದ್ದರೆ ನಿಕಾಹ್ ಓದಿಸಿದ ಖಾಜಿಯವರ ದಫ್ತರಿನಲ್ಲಿ ಕೇಳಿ. ಕ್ರೈಸ್ತ ಕುಟುಂಬದವರು ಚರ್ಚಿನ ದೀಕ್ಷಾಸ್ನಾನ ಮತ್ತು ವಿವಾಹ ರಿಜಿಸ್ಟರ್ ನೋಡಬೇಕು.

ಅಮ್ಮನ ಶಾಲೆ ದಾಖಲೆಯಲ್ಲಿ 1-6-1958, 2004ರಲ್ಲಿ ಮಾಡಿಸಿದ ಜನನ ಪತ್ರದಲ್ಲೂ ಅದೇ. ಅಜ್ಜಿ ಮಾತ್ರ ‘ದೀಪಾವಳಿಗೆ ಹುಟ್ಟಿದ್ದು’ ಅಂತಾರೆ.
— ಒಬ್ಬ ಓದುಗರು, ಸೇಡಂ

ಅಜ್ಜಿಯನ್ನು ನಂಬಿ. ಜೂನ್ 1 ಎಂಬುದು ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಭರ್ತಿಯಾಗಲೆಂದು ಮಾಸ್ತರರು ಬರೆದುಕೊಂಡ ತಾರೀಕು. ನಿಮ್ಮ ಕೈಲಿರುವುದು ಎರಡು ಪುರಾವೆಯಲ್ಲ, ಒಂದೇ. ಒಂದು ವರ್ಷಕ್ಕಿಂತ ತಡವಾದ ನೋಂದಣಿಗೆ ಆಗ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. (2023ರ ತಿದ್ದುಪಡಿಯ ಮೇಲೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು.) ಕೋರ್ಟಿಗೆ ಪುರಾವೆ ಎಂದು ಕೊಟ್ಟದ್ದು ಅದೇ ಶಾಲಾ ದಾಖಲೆ ಆಗಿರುತ್ತದೆ. ಆ ಪ್ರಕರಣದ ಸಂಖ್ಯೆ ಸಿಕ್ಕರೆ ಕೋರ್ಟಿನ ನಕಲು ಶಾಖೆಯಲ್ಲಿ ಕಡತದ ನಕಲು ತೆಗೆಸಿ. ಅರ್ಜಿ, ಅಫಿಡವಿಟ್ಟು, ಸಾಕ್ಷಿ ಹೇಳಿದ ಹಿರಿಯರ ಮಾತು ಎಲ್ಲ ಅದರಲ್ಲಿ ಸಿಗುತ್ತವೆ. 371 ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರು ಮನೆಯಲ್ಲಿದ್ದರೆ ಅವರ ಫೈಲನ್ನೂ ಬಿಚ್ಚಿ ನೋಡಿ, ಹಿರಿಯರ ಶಾಲಾ ದಾಖಲೆಗಳ ಜೆರಾಕ್ಸ್ ಅದರೊಳಗೆ ಇರುವುದು ಹೆಚ್ಚು.

ನಿಮ್ಮ ಪುಸ್ತಕದಲ್ಲಿ ಹೀಗೆ ಬರೆಯಿರಿ: ‘ಶಾಲಾ ದಾಖಲೆ 1-6-1958, ತಾಯಿಯ ಹೇಳಿಕೆ ದೀಪಾವಳಿ, ವರ್ಷ 1957 ಅಥವಾ 58.’ ಸರ್ಕಾರಿ ತಾರೀಕು ಬದಲಿಸಲು ಹೋಗಬೇಡಿ. ಪಿಂಚಣಿ, ಬ್ಯಾಂಕು, ಆಧಾರ್ ಎಲ್ಲ ಅದಕ್ಕೇ ಗಂಟುಬಿದ್ದಿವೆ.

ಅತ್ತೆ, ದೊಡ್ಡಪ್ಪನ ದಾಖಲೆ ನಾವು ಕೇಳಬಹುದೆ?
— ಒಬ್ಬ ಓದುಗರು, ಬೀದರ

ಕೇಳಬಹುದು. ಕಾಯ್ದೆಯ 17ನೇ ಕಲಮಿನಂತೆ ಶುಲ್ಕ ಕಟ್ಟಿದ ಯಾರೇ ಆಗಲಿ ನಮೂದು ಹುಡುಕಿಸಬಹುದು. ಅರ್ಜಿಯಲ್ಲಿ ಕಲಮಿನ ಸಂಖ್ಯೆಯನ್ನೂ ನಿಮ್ಮ ಸಂಬಂಧವನ್ನೂ ಬರೆದು ಗುರುತಿನ ಚೀಟಿ ಲಗತ್ತಿಸಿ. ಮರಣ ದಾಖಲೆಯಲ್ಲಿ ಸಾವಿನ ಕಾರಣ ಮಾತ್ರ ಕೊಡುವುದಿಲ್ಲ, ಅದೂ ಕಾಯ್ದೆಯಲ್ಲೇ ಇದೆ.

ಹಳೆ ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸಲೇ?
— ಒಬ್ಬ ಓದುಗರು, ಆಳಂದ

ಬೇಡ. ಬಿಸಿಗೆ ಶಾಯಿ ಹರಡುತ್ತದೆ, ಒಮ್ಮೆ ಪ್ಲಾಸ್ಟಿಕ್ಕು ಹಿಡಿದರೆ ಕಾಗದ ಬಿಡಿಸಲಾಗುವುದಿಲ್ಲ, ಹಿಂಬದಿಯ ಮೊಹರು, ಸಹಿ ಸರಿಯಾಗಿ ಓದಲಾಗುವುದಿಲ್ಲ. ಎರಡೂ ಬದಿಯ ಫೋಟೊ ತೆಗೆದು, ಮಡಿಕೆ ಬಿಡಿಸಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಡಿ. ಮಳೆಗಾಲದಲ್ಲಿ ಟ್ರಂಕು ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಯ ಮೇಲಿರಲಿ.